ಕಪ್ಪುಕುಳಿ ಎಬ್ಬಿಸುವ ಗಾಳಿಯನ್ನು ಲ್ಯಾಪ್‌ಟಾಪಿನಲ್ಲೇ ಅಳೆಯುವುದು ಹೇಗೆ?

ಕಪ್ಪುಕುಳಿ ಎಲ್ಲವನ್ನೂ ನುಂಗುತ್ತದೆ ಅಂತ ಕೇಳಿಕೊಂಡೇ ಬೆಳೆದವರು ನಾವು. ಅದು ಅರ್ಧ ಕಥೆ ಮಾತ್ರ. ಗೆಲಾಕ್ಸಿಯ ನಟ್ಟನಡುವೆ ಇರುವ ದೈತ್ಯ ಕಪ್ಪುಕುಳಿಯ ಕಡೆಗೆ ಅನಿಲ ಬೀಳುವಾಗ ಅದು ಸೀದಾ ಒಳಗೆ ಹೋಗುವುದಿಲ್ಲ. ಸುತ್ತಲೂ ತಟ್ಟೆಯಾಕಾರದಲ್ಲಿ ಹರಡಿಕೊಂಡು, ಸುತ್ತುತ್ತಾ, ಒಂದು ಪದರ ಇನ್ನೊಂದಕ್ಕೆ ಉಜ್ಜಿ ಕಾದು, ಕೆಲವೊಮ್ಮೆ ಇಡೀ ಗೆಲಾಕ್ಸಿಯ ನಕ್ಷತ್ರಗಳನ್ನೂ ಮೀರಿಸುವಷ್ಟು ಬೆಳಕು ಚೆಲ್ಲುತ್ತದೆ. ಆ ಬೆಳಕಿನ ಒತ್ತಡ, ತಟ್ಟೆಯ ಕಾಂತಕ್ಷೇತ್ರ, ಕೆಲವು ಕಡೆ ರೇಡಿಯೊ ಜೆಟ್ (ರೇಡಿಯೊದಲ್ಲಿ ಹೊಳೆಯುತ್ತಾ ಚಿಮ್ಮುವ ಕಣಗಳ ಧಾರೆ), ಇವೆಲ್ಲ ಸೇರಿ ಸುತ್ತಲಿನ ಅನಿಲವನ್ನು ಹೊರಗೆ ದಬ್ಬುತ್ತವೆ. ಅದೇ ಈ ಗಾಳಿ.

ಇದಕ್ಕೆ ಯಾಕಿಷ್ಟು ಮಹತ್ವ? ಹೊಸ ನಕ್ಷತ್ರ ಹುಟ್ಟಬೇಕಾದರೆ ತಣ್ಣನೆಯ ಅನಿಲ ಬೇಕು. ಆ ಅನಿಲವನ್ನೇ ಗಾಳಿ ಹೊತ್ತುಕೊಂಡು ಹೋದರೆ, ಅಥವಾ ಕಾಯಿಸಿ ಕಲಕಿಬಿಟ್ಟರೆ, ಗೆಲಾಕ್ಸಿ ಬೆಳೆಯುವುದೇ ನಿಂತುಹೋಗಬಹುದು. ಕಂಪ್ಯೂಟರಿನಲ್ಲಿ ಗೆಲಾಕ್ಸಿಗಳನ್ನು ಬೆಳೆಸಿ ನೋಡುವವರು ಈ ತಳ್ಳುವ ಶಕ್ತಿಯನ್ನು ಸೇರಿಸದಿದ್ದರೆ ದೊಡ್ಡ ಗೆಲಾಕ್ಸಿಗಳು ನಿಜಕ್ಕಿಂತ ಎಷ್ಟೋ ಜಾಸ್ತಿ ದೊಡ್ಡದಾಗಿಬಿಡುತ್ತವೆ. ಆದರೆ ನಿಜವಾದ ಗೆಲಾಕ್ಸಿಯಲ್ಲಿ ಗಾಳಿ ಅಷ್ಟು ಕೆಲಸ ಮಾಡುತ್ತದಾ ಅನ್ನುವುದು ಅಳೆದು ನೋಡಬೇಕಾದ ಮಾತು.

ಅಳೆಯುವುದು ನಿಮ್ಮ ಕೈಯಲ್ಲೂ ಸಾಧ್ಯ. ಪಿಯುಸಿ ಮಟ್ಟದ ಭೌತಶಾಸ್ತ್ರ, ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್ ಇದ್ದರೆ ಸಾಕು. ಡೇಟಾ ಪೂರ್ತಿ ಉಚಿತ. ನಾವು ನೋಡುವುದು ಗೆಲಾಕ್ಸಿಯ ರೋಹಿತವನ್ನು, ಅಂದರೆ ಅದರ ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿದ ಗ್ರಾಫನ್ನು (ಸ್ಪೆಕ್ಟ್ರಮ್). ಅದರಲ್ಲಿ ಒಂದೊಂದು ಧಾತು ತನ್ನದೇ ತರಂಗಾಂತರದಲ್ಲಿ ಬಿಟ್ಟ ಗುರುತೇ ಗೆರೆ. ಅನಿಲ ಚಲಿಸುತ್ತಿದ್ದರೆ ಗೆರೆ ಸರಿಯುತ್ತದೆ, ಅದರಿಂದ ವೇಗ ತಿಳಿಯುತ್ತದೆ. ಗಾಳಿಯ ವೇಗ ಸಿಗುವುದು ಸುಲಭ, ಅದನ್ನು ನಂಬಬಹುದು. ಆದರೆ ವರ್ಷಕ್ಕೆ ಎಷ್ಟು ಅನಿಲ ಹೊರಗೆ ಹೋಗುತ್ತಿದೆ ಅನ್ನುವ ಲೆಕ್ಕ ಬಹಳ ನಾಜೂಕಿನದು. ಅಲ್ಲಿ ಒಂದು ಊಹೆ ಬದಲಾದರೆ ಉತ್ತರ ನೂರು ಪಟ್ಟು ಬದಲಾಗುತ್ತದೆ. ಎರಡನ್ನೂ ಒಂದೇ ಧೈರ್ಯದಲ್ಲಿ ಹೇಳಬಾರದು. ಈ ಲೇಖನದ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ.

1. ಗೆಲಾಕ್ಸಿ ಆರಿಸಿಕೊಳ್ಳಿ

ಕಪ್ಪುಕುಳಿ ಚುರುಕಾಗಿರುವ ಗೆಲಾಕ್ಸಿಗಳಲ್ಲಿ ಎರಡು ಬಗೆ. ಟೈಪ್ 1ರಲ್ಲಿ ನಡುವಿನ ಭಾಗ ನಮಗೆ ನೇರವಾಗಿ ಕಾಣುತ್ತದೆ. ಟೈಪ್ 2ರಲ್ಲಿ ದೂಳಿನ ದಪ್ಪ ಉಂಗುರ ಅದನ್ನು ಮರೆಮಾಡಿರುತ್ತದೆ. ಮೊದಲ ಸಲ ಕೈ ಹಾಕುವವರು ಟೈಪ್ 2 ತೆಗೆದುಕೊಳ್ಳಿ. ಯಾಕೆ ಅಂದರೆ, ಟೈಪ್ 1ರಲ್ಲಿ ಕಪ್ಪುಕುಳಿಯ ಪಕ್ಕದಲ್ಲೇ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುವ ಅನಿಲದ ಗೆರೆಗಳು, ಜೊತೆಗೆ ಕಬ್ಬಿಣದ ಗೆರೆಗಳು, ನಮಗೆ ಬೇಕಾದ ಆಮ್ಲಜನಕದ ಗೆರೆಯ ಬುಡಕ್ಕೇ ಬಂದು ಬೆರೆತಿರುತ್ತವೆ. ಬಿಡಿಸುವುದು ಕಷ್ಟ.

ನನ್ನ ಸಲಹೆ: ಟೀಕಪ್ ಗೆಲಾಕ್ಸಿ. ಇದರ ಅಧಿಕೃತ ಹೆಸರು ಜೆ1430+1339. ಗೆಲಾಕ್ಸಿ ಝೂ ಯೋಜನೆಯಲ್ಲಿ ಚಿತ್ರಗಳನ್ನು ನೋಡಿ ವಿಂಗಡಿಸುತ್ತಿದ್ದ ಸಾಮಾನ್ಯ ಜನರ ಕಣ್ಣಿಗೆ ಬಿದ್ದದ್ದು ಇದು. ಒಂದು ಬದಿಯಲ್ಲಿ ಹೊಳೆಯುವ ಅನಿಲದ ದೊಡ್ಡ ಬಳೆ, ಟೀ ಕುಡಿಯುವ ಕಪ್‌ನ ಹಿಡಿಯ ತರಹ. ಸುಮಾರು 110 ಕೋಟಿ ಜ್ಯೋತಿರ್ವರ್ಷ ದೂರ. ಬ್ರಹ್ಮಾಂಡದ ಲೆಕ್ಕದಲ್ಲಿ ಇದು ಪಕ್ಕದ ಬೀದಿಯೇ. ರೇಡಿಯೊದಲ್ಲಿ ನೋಡಿದವರಿಗೆ ನಡುವಿನಿಂದ ಎರಡೂ ಕಡೆಗೆ 10ರಿಂದ 12 ಕಿಲೋಪಾರ್ಸೆಕ್ ಉಬ್ಬಿದ ಗುಳ್ಳೆಗಳು ಕಂಡಿವೆ. ಅಂದರೆ ಒಂದೊಂದು ಗುಳ್ಳೆಯೂ 30,000 ಜ್ಯೋತಿರ್ವರ್ಷಕ್ಕಿಂತ ಜಾಸ್ತಿ ದೂರ ಚಾಚಿದೆ.

"ಇನ್ನೂ ಹತ್ತಿರದ್ದು ಬೇಕು, ಎಂ77 ಯಾಕಾಗಬಾರದು?" ಅಂತ ಕೆಲವರು ಕೇಳಬಹುದು. ಎನ್‌ಜಿಸಿ 1068 ಅಂತಲೂ ಕರೆಯುವ ಈ ಗೆಲಾಕ್ಸಿ ಈ ವಿಷಯದ ತವರುಮನೆಯೇ ಸರಿ. 1908ರಲ್ಲಿ ಎಡ್ವರ್ಡ್ ಫಾತ್ ಲಿಕ್ ವೀಕ್ಷಣಾಲಯದಲ್ಲಿ ಇದರ ರೋಹಿತದಲ್ಲಿ ಹೊಳೆಯುವ ಗೆರೆಗಳನ್ನು ಕಂಡಿದ್ದರು. 1943ರಲ್ಲಿ ಕಾರ್ಲ್ ಸೀಫರ್ಟ್ ಇಂಥ ಗೆಲಾಕ್ಸಿಗಳನ್ನೇ ಒಟ್ಟುಗೂಡಿಸಿ ಬರೆದರು. ಅದಕ್ಕೇ ಇವತ್ತಿಗೂ ಇವು ಸೀಫರ್ಟ್ ಗೆಲಾಕ್ಸಿಗಳು. ಆದರೆ ಮೊದಲ ಅಳತೆಗೆ ಎಂ77 ಬೇಡ. ಅದು ಸುಮಾರು 4.7 ಕೋಟಿ ಜ್ಯೋತಿರ್ವರ್ಷದಷ್ಟು ಹತ್ತಿರ ಇರುವುದರಿಂದ ಅದರ ಗಾಳಿ ಒಂದೊಂದು ಜಾಗದಲ್ಲಿ ಒಂದೊಂದು ವೇಗದ ತುಣುಕುಗಳಾಗಿ ಒಡೆದು ಕಾಣುತ್ತದೆ. ಚಂದ, ಆದರೆ ಕಲಿಯುವವರಿಗೆ ತಲೆನೋವು. ಕಣ್ಣಾರೆ ನೋಡುವ ಆಸೆ ಇದ್ದರೆ ಮಾತ್ರ ಅದನ್ನು ಬಿಡಬೇಡಿ: ಸೀಟಸ್ ರಾಶಿಯಲ್ಲಿ, ಡೆಲ್ಟಾ ಸೀಟೈ ನಕ್ಷತ್ರದ ಪಕ್ಕದಲ್ಲೇ, ನವೆಂಬರ್‌ನಿಂದ ಜನವರಿವರೆಗೆ ಕರ್ನಾಟಕದಿಂದ ಆಕಾಶದಲ್ಲಿ ಎತ್ತರಕ್ಕೆ ಬರುತ್ತದೆ. ಊರ ಬೆಳಕಿಲ್ಲದ ಕಡೆ ಸಣ್ಣ ದೂರದರ್ಶಕದಲ್ಲೂ ಮಸುಕಾದ ಚುಕ್ಕೆಯಾಗಿ ಸಿಗುತ್ತದೆ.

2. ರೋಹಿತ ಇಳಿಸಿಕೊಳ್ಳಿ

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ 2.5 ಮೀಟರ್ ದೂರದರ್ಶಕದಿಂದ ಸ್ಲೋನ್ ಸಮೀಕ್ಷೆ ಲಕ್ಷಾಂತರ ಗೆಲಾಕ್ಸಿಗಳ ರೋಹಿತ ತೆಗೆದು ಜಗತ್ತಿಗೆಲ್ಲ ಬಿಟ್ಟುಕೊಟ್ಟಿದೆ. ಅದರ ಸ್ಕೈಸರ್ವರ್ ತಾಣಕ್ಕೆ ಹೋಗಿ, ವಸ್ತು ಹುಡುಕುವ ಪುಟದಲ್ಲಿ ಆಕಾಶದಲ್ಲಿ ಟೀಕಪ್‌ನ ವಿಳಾಸ ಹೇಳುವ ಎರಡು ಸಂಖ್ಯೆ (ಆರ್‌ಎ, ಡೆಕ್) ಕೊಡಿ: 217.6245 ಮತ್ತು 13.6533. ಟೀಕಪ್‌ನ ಚಿತ್ರ, ಅದರ ಜೊತೆ ರೋಹಿತ, ಎರಡೂ ಬರುತ್ತವೆ. ಇಳಿಸಿಕೊಳ್ಳಲು ಸಿಎಸ್‌ವಿ, ಫಿಟ್ಸ್ ಎರಡೂ ಬಗೆಯ ಫೈಲುಗಳು ಸಿಗುತ್ತವೆ. ಸುಮ್ನೆ ಗ್ರಾಫ್ ನೋಡುವುದಕ್ಕೆ ಸಿಎಸ್‌ವಿ ಸಾಕು. ಅಳತೆ ಮಾಡಬೇಕಾದರೆ ಫಿಟ್ಸ್ ತೆಗೆದುಕೊಳ್ಳಿ, ಅದರಲ್ಲಿ ಪ್ರತಿ ಬಿಂದುವಿನ ದೋಷ ಎಷ್ಟು ಅನ್ನುವುದೂ ಇರುತ್ತದೆ.

ಕೆಲಸಕ್ಕೆ ಪೈಥಾನ್ ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲು ಇಷ್ಟ ಇಲ್ಲದಿದ್ದರೆ ಬ್ರೌಸರಿನಲ್ಲೇ ಗೂಗಲ್ ಕೊಲ್ಯಾಬ್ ತೆರೆದು ಆಸ್ಟ್ರೋಪೈ, ಸೈಪೈ ಅನ್ನುವ ಎರಡು ಪೈಥಾನ್ ಲೈಬ್ರರಿಗಳನ್ನು ಕರೆದುಕೊಂಡರೆ ಆಯಿತು. ಫಿಟ್ಸ್ ಫೈಲಿನಲ್ಲಿ ತರಂಗಾಂತರ ಲಾಗ್ ರೂಪದಲ್ಲಿರುತ್ತದೆ, 10ರ ಘಾತಕ್ಕೆ ಏರಿಸಿಕೊಳ್ಳಬೇಕು. ಬೆಳಕಿನ ಪ್ರಮಾಣಕ್ಕೆ ಮುಂದೆ 10⁻¹⁷ ಗುಣಕ ಇರುತ್ತದೆ, ಅದನ್ನೂ ನೆನಪಿಡಿ.

ಇಲ್ಲೇ ಮೊದಲನೇ ಗುಂಡಿ ಇದೆ. ಹಳೆಯ ಪುಸ್ತಕಗಳು ಆಮ್ಲಜನಕದ ಗೆರೆ 5006.84 ಆಂಗ್‌ಸ್ಟ್ರಾಂನಲ್ಲಿದೆ ಅನ್ನುತ್ತವೆ (ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಅದು ನಾವು ಉಸಿರಾಡುವ ಗಾಳಿಯ ನಡುವೆ ಅಳೆದದ್ದು. ಸ್ಲೋನ್ ಡೇಟಾ ಇರುವುದು ನಿರ್ವಾತದ ಲೆಕ್ಕದಲ್ಲಿ, ಅಲ್ಲಿ ಅದೇ ಗೆರೆ 5008.24. ವ್ಯತ್ಯಾಸ 1.4 ಆಂಗ್‌ಸ್ಟ್ರಾಂ ಅಷ್ಟೇ, ಆದರೆ ವೇಗಕ್ಕೆ ತಿರುಗಿಸಿದರೆ ಸೆಕೆಂಡಿಗೆ 84 ಕಿ.ಮೀ. ಇಲ್ಲದ ಗಾಳಿಯನ್ನು ಹುಟ್ಟಿಸಲು, ಇರುವ ಗಾಳಿಯನ್ನು ಮುಚ್ಚಿಹಾಕಲು ಅಷ್ಟು ಸಾಕು.

3. ಗೆರೆಯ ಬುಡ ನೋಡಿ

ಟೀಕಪ್‌ನ ರೆಡ್‌ಶಿಫ್ಟ್ 0.0852. ಅಂದರೆ ಎಲ್ಲ ಗೆರೆಗಳೂ 1.0852 ಪಟ್ಟು ಉದ್ದದ ತರಂಗಾಂತರಕ್ಕೆ ಸರಿದಿರುತ್ತವೆ. ಗ್ರಾಫಿನಲ್ಲಿ 5435 ಆಂಗ್‌ಸ್ಟ್ರಾಂ ಹತ್ತಿರ ಹೋಗಿ. ಸುತ್ತಮುತ್ತಲಿನದನ್ನೆಲ್ಲ ಮೀರಿ ಒಂದು ಎತ್ತರದ ಶಿಖರ ನಿಂತಿರುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಬೆಳಕು ಅದು. ಅದರ ಎಡಕ್ಕೆ, 5383ರಲ್ಲಿ, ಅದೇ ಆಮ್ಲಜನಕದ ತಂಗಿ ಗೆರೆ. ಇನ್ನೂ ಎಡಕ್ಕೆ, 5277ರಲ್ಲಿ, ಹೈಡ್ರೋಜನ್ನಿನ ಎಚ್-ಬೀಟಾ. ಈ ಆಮ್ಲಜನಕದ ಗೆರೆಗಳು ತುಂಬಾ ವಿರಳವಾದ ಅನಿಲದಲ್ಲಿ ಮಾತ್ರ ಹುಟ್ಟುತ್ತವೆ, ಕಣಗಳು ಒತ್ತೊತ್ತಾಗಿದ್ದರೆ ಡಿಕ್ಕಿಗಳೇ ಶಕ್ತಿಯನ್ನು ಕಿತ್ತುಕೊಂಡುಬಿಡುತ್ತವೆ. ಅದಕ್ಕೇ ಇದು ಕಪ್ಪುಕುಳಿಯ ತೀರಾ ಪಕ್ಕದ ದಟ್ಟ ಅನಿಲದ್ದಲ್ಲ, ದೂರದವರೆಗೆ ಹರಡಿದ ಅನಿಲದ್ದು ಅಂತ ನಂಬಬಹುದು.

ಶಿಖರದ ತುದಿಯನ್ನು ಬಿಡಿ, ಬುಡ ನೋಡಿ. ಲಂಬ ಅಕ್ಷವನ್ನು ಶಿಖರದ ಎತ್ತರದ ಹತ್ತನೇ ಒಂದು ಭಾಗಕ್ಕೆ ಇಳಿಸಿ ಜೂಮ್ ಮಾಡಿ. ಗೆಲಾಕ್ಸಿಯಲ್ಲಿ ಅನಿಲ ತನ್ನ ಪಾಡಿಗೆ ಸುತ್ತುತ್ತಿದ್ದರೆ ಶಿಖರ ಸಪೂರವಾಗಿದ್ದು ಬುಡವೂ ಬೇಗ ಮುಗಿಯುತ್ತದೆ. ಗಾಳಿ ಇದ್ದಲ್ಲಿ ಬುಡ ಅಗಲವಾಗಿ ಹರಡಿರುತ್ತದೆ, ಬಹಳ ಸಲ ಎಡಗಡೆಗೆ, ಅಂದರೆ ನೀಲಿ ಕಡೆಗೆ, ಜಾಸ್ತಿ ಚಾಚಿಕೊಂಡಿರುತ್ತದೆ. ನಮ್ಮ ಕಡೆಗೆ ಬರುತ್ತಿರುವ ಅನಿಲದ ಬೆಳಕು ನೀಲಿ ಕಡೆಗೆ ಸರಿಯುತ್ತದೆ. ಆಚೆ ಕಡೆಗೆ ಹೋಗುವ ಗಾಳಿಯೂ ಅಷ್ಟೇ ಇರಬಹುದು, ಆದರೆ ನಡುವಿನ ಗೆಲಾಕ್ಸಿಯ ದೂಳು ಅದನ್ನು ಮರೆಮಾಡುತ್ತದೆ.

ಈಗ ಒಂದು ಪರೀಕ್ಷೆ ಮಾಡಿ, ನನಗೆ ಇದು ತುಂಬಾ ಇಷ್ಟ. ತಂಗಿ ಗೆರೆಯ ಬೆಳಕು ಅಕ್ಕನ ಬೆಳಕಿನ ಮೂರನೇ ಒಂದು ಭಾಗ. ಪರಮಾಣುವಿನ ಒಳಗಿನ ನಿಯಮವೇ ಹಾಗೆ, ಅನುಪಾತ ಸುಮಾರು 2.98, ಯಾವ ಗೆಲಾಕ್ಸಿಯಲ್ಲೂ ಬದಲಾಗುವುದಿಲ್ಲ. ಹಾಗಾಗಿ ಎರಡೂ ಗೆರೆಗಳ ತರಂಗಾಂತರವನ್ನು ವೇಗಕ್ಕೆ ತಿರುಗಿಸಿ, ಚಿಕ್ಕದನ್ನು 2.98ರಿಂದ ಗುಣಿಸಿ, ಒಂದರ ಮೇಲೊಂದು ಇಟ್ಟು ನೋಡಿ. ಬುಡದ ಅಗಲ ನಿಜವಾಗಿದ್ದರೆ ಎರಡೂ ಗೆರೆಗಳಲ್ಲಿ ಅದೇ ಆಕಾರ ಬರಬೇಕು. ಒಂದರಲ್ಲಿ ಮಾತ್ರ ಉಬ್ಬು ಕಂಡರೆ ಅದು ಗಾಳಿಯಲ್ಲ, ಬೇರೆ ಏನೋ. ಕೋಡ್ ಓಡಿಸುವ ಮೊದಲೇ ಕಣ್ಣಿನಿಂದಲೇ ಅರ್ಧ ತೀರ್ಪು ಸಿಕ್ಕಿಬಿಡುತ್ತದೆ.

ವೇಗಕ್ಕೆ ತಿರುಗಿಸುವುದು ಡಾಪ್ಲರ್ ಲೆಕ್ಕ: ಮೊದಲು ಎಲ್ಲ ತರಂಗಾಂತರಗಳನ್ನು 1.0852ರಿಂದ ಭಾಗಿಸಿ, ನಂತರ 5008.24ರಿಂದ ಎಷ್ಟು ಸರಿದಿದೆ ಅಂತ ನೋಡಿ, ಆ ವ್ಯತ್ಯಾಸವನ್ನು 5008.24ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿ. 10 ಆಂಗ್‌ಸ್ಟ್ರಾಂ ಎಡಕ್ಕೆ ಸರಿದಿದ್ದರೆ ಸೆಕೆಂಡಿಗೆ ಸುಮಾರು 600 ಕಿ.ಮೀ. ನಮ್ಮ ಕಡೆಗೆ.

4. ಸೊನ್ನೆ ಎಲ್ಲಿ ಅಂತ ಗಟ್ಟಿ ಮಾಡಿಕೊಳ್ಳಿ

ತುಂಬಾ ಜನ ಈ ಹಂತವನ್ನು ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ.

ಗಾಳಿ ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನಬೇಕಾದರೆ, ಯಾವುದಕ್ಕೆ ಹೋಲಿಸಿದರೆ? ಗೆಲಾಕ್ಸಿಗೆ ತಾನೇ. ಗೆಲಾಕ್ಸಿಯ ವೇಗ ಅಂದರೆ ಅದರ ನಕ್ಷತ್ರಗಳ ವೇಗ. ಆದರೆ ಸ್ಲೋನ್ ಪುಟದಲ್ಲಿ ಕೊಟ್ಟಿರುವ ರೆಡ್‌ಶಿಫ್ಟ್ ಅನ್ನು ಗಣಕ ತಾನೇ ಲೆಕ್ಕ ಹಾಕಿದ್ದು. ಇಷ್ಟು ಜೋರಾಗಿ ಹೊಳೆಯುವ ಅನಿಲದ ಗೆರೆಗಳಿದ್ದಾಗ ಆ ಲೆಕ್ಕ ಅವುಗಳನ್ನೇ ಹಿಡಿದು ನಿಲ್ಲುತ್ತದೆ. ಅಂದರೆ ಗಾಳಿಯನ್ನೇ ಸೊನ್ನೆ ಮಾಡಿಕೊಂಡು ಗಾಳಿಯನ್ನು ಅಳೆದ ಹಾಗಾಗುತ್ತದೆ. ಹತ್ತಿರದ 11 ಪ್ರಕಾಶಮಾನ ಸಕ್ರಿಯ ಗೆಲಾಕ್ಸಿಗಳನ್ನು ಅಳೆದು 2020ರಲ್ಲಿ ಪ್ರಕಟಿಸಿದ ಡೇವಿಸ್ ತಂಡಕ್ಕೆ ಕಂಡದ್ದು ಇದೇ: ಅನಿಲದ ಗೆರೆಯ ಶಿಖರವೇ ನಕ್ಷತ್ರಗಳ ವೇಗದಿಂದ ಸರಿದಿತ್ತು. ಬುಡ ಮಾತ್ರ ಅಲ್ಲ, ಶಿಖರವೇ!

ನಕ್ಷತ್ರಗಳ ಗೆರೆ ಅಂದರೆ ಬೆಳಕಿನಲ್ಲಿ ಬಿದ್ದ ಕುಳಿಗಳು. 1.0852ರಿಂದ ಭಾಗಿಸಿದ ಮೇಲೆ ಕ್ಯಾಲ್ಸಿಯಂನ ಕೆ ಗೆರೆ 3934.8ರಲ್ಲಿ, ಮೆಗ್ನೀಶಿಯಂನ ಗುಂಪು 5175ರ ಸುತ್ತ. ಕ್ಯಾಲ್ಸಿಯಂನ ಇನ್ನೊಂದು ಗೆರೆ, ಎಚ್, ಟೀಕಪ್‌ನಂಥ ಗೆಲಾಕ್ಸಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಯಾನ್‌ನ ಹೊಳೆಯುವ ಗೆರೆ ಅದೇ ಜಾಗಕ್ಕೆ ಬಂದು ಅದನ್ನು ತುಂಬಿಬಿಡುತ್ತದೆ. ಸೋಡಿಯಂನ ಜೋಡಿ ಗೆರೆಯನ್ನಂತೂ ಸೊನ್ನೆಗೆ ಬಳಸಲೇಬೇಡಿ, ಯಾಕೆಂದರೆ ತಣ್ಣನೆಯ ಅನಿಲವೂ ಅಲ್ಲಿ ಬೆಳಕು ಹೀರುತ್ತದೆ, ಆ ಅನಿಲ ತಾನೇ ಗಾಳಿಯಲ್ಲಿ ತೇಲುತ್ತಿರಬಹುದು. ಕೈಯಿಂದ ಮಾಡುವುದಾದರೆ ಮೆಗ್ನೀಶಿಯಂ ಮತ್ತು ಕೆ ಗೆರೆ ಎರಡರ ಸರಾಸರಿ ತೆಗೆದುಕೊಳ್ಳಿ. ಇನ್ನೂ ಚೊಕ್ಕವಾಗಿ ಬೇಕಾದರೆ ಪಿಪಿಎಕ್ಸ್‌ಎಫ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದು ನಕ್ಷತ್ರಗಳ ಮಾದರಿ ರೋಹಿತಗಳನ್ನು ಬೆರೆಸಿ ನಿಮ್ಮ ಗೆಲಾಕ್ಸಿಗೆ ಹೊಂದಿಸಿ ವೇಗ ಹೇಳುತ್ತದೆ. ಕಲಿಯಲು ಸ್ವಲ್ಪ ಹೊತ್ತು ಬೇಕು, ಆದರೆ ಆ ಶ್ರಮ ವ್ಯರ್ಥವಾಗುವುದಿಲ್ಲ.

5. ಗೆರೆಗೆ ಆಕಾರ ಹೊಂದಿಸಿ

ಮೊದಲು ಹಿನ್ನೆಲೆ ಬೆಳಕನ್ನು ಕಳೆಯಿರಿ. 1.0852ರಿಂದ ಭಾಗಿಸುವ ಮೊದಲಿನ ಗ್ರಾಫಿನಲ್ಲಿ ಗೆರೆಗಳಿಲ್ಲದ ಎರಡು ಕಡೆ, ಎಡಕ್ಕೆ 5312ರಿಂದ 5350, ಬಲಕ್ಕೆ 5459ರಿಂದ 5534 ಆಂಗ್‌ಸ್ಟ್ರಾಂ ತೆಗೆದುಕೊಂಡು ಸರಳರೇಖೆ ಎಳೆಯಿರಿ. ಬಲಕ್ಕೆ ಇನ್ನೂ ಮುಂದೆ ಹೋಗಬೇಡಿ, 5577ರ ಹತ್ತಿರ ನಮ್ಮದೇ ಭೂಮಿಯ ಆಕಾಶದ ಆಮ್ಲಜನಕ ಗೆರೆ ಬಿಟ್ಟುಹೋದ ಕಸ ಇರುತ್ತದೆ.

ಆಮೇಲೆ ಎರಡು ಗಾಸಿಯನ್ (ಗಂಟೆಯಾಕಾರದ ವಕ್ರರೇಖೆ) ಹೊಂದಿಸಿ: ಸಪೂರದ್ದು ಒಂದು, ಅಗಲದ್ದು ಒಂದು. ಅಕ್ಕ ತಂಗಿ ಎರಡೂ ಗೆರೆಗಳಿಗೆ ಒಂದೇ ವೇಗ, ಒಂದೇ ಅಗಲ, 2.98ರ ಅನುಪಾತ ಅಂತ ಕಟ್ಟಿಹಾಕಿ ಓಡಿಸಿ. ಹಾಗೆ ಕಟ್ಟಿಹಾಕದಿದ್ದರೆ ಗಣಕ ತನಗೆ ತೋಚಿದ ಹಾಗೆ ಅಗಲದ ಗಾಸಿಯನ್ ಅನ್ನು ಎಲ್ಲೆಲ್ಲೋ ಕೂರಿಸುತ್ತದೆ. ಶುರುವಿಗೆ ಸಪೂರದ ಅಗಲ 300, ಅಗಲದ್ದಕ್ಕೆ 900 ಕಿ.ಮೀ. ಕೊಟ್ಟು ನೋಡಿ.

ಉಪಕರಣವೂ ತನ್ನದೇ ಅಗಲ ಸೇರಿಸುತ್ತದೆ. ಸ್ಲೋನ್ ರೋಹಿತದಲ್ಲಿ ಅದು ಸೆಕೆಂಡಿಗೆ ಸುಮಾರು 150 ಕಿ.ಮೀ. ವರ್ಗ ಮಾಡಿ ಕಳೆದು ವರ್ಗಮೂಲ ತೆಗೆಯಬೇಕು. 400 ಅಂತ ಬಂದದ್ದು ನಿಜವಾಗಿ 371. 900 ಬಂದದ್ದು 887. ಅಗಲದ ಗೆರೆಗೆ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ, ಸಪೂರದ್ದಕ್ಕೆ ಗಮನ ಕೊಡಿ.

ಎರಡು ಗಾಸಿಯನ್ನೇ ಯಾಕೆ, ಮೂರು ಯಾಕಲ್ಲ? ಒಳ್ಳೆಯ ಪ್ರಶ್ನೆ. ನಿಜವಾದ ಅನಿಲಕ್ಕೆ ಗಾಸಿಯನ್ ಅಂದರೆ ಏನು ಅಂತ ಗೊತ್ತಿಲ್ಲ, ಅದು ನಮ್ಮ ಅನುಕೂಲ. ಅದಕ್ಕೇ ಗಾಸಿಯನ್‌ಗಳ ಹಂಗಿಲ್ಲದ ಇನ್ನೊಂದು ಅಳತೆಯನ್ನೂ ಜೊತೆಗೆ ಕೊಡುವುದು ರೂಢಿ: ಗೆರೆಯ ಒಟ್ಟು ಬೆಳಕನ್ನು ಎಡದಿಂದ ಬಲಕ್ಕೆ ಕೂಡುತ್ತಾ ಹೋಗಿ, 10 ಶೇಕಡಾ ಆದ ವೇಗ ಯಾವುದು, 90 ಶೇಕಡಾ ಆದ ವೇಗ ಯಾವುದು ಅಂತ ನೋಡಿ, ಎರಡರ ನಡುವಿನ ಅಂತರ ಬರೆದುಕೊಳ್ಳಿ. ಇದನ್ನು ಡಬ್ಲ್ಯೂ80 ಅನ್ನುತ್ತಾರೆ. ಹ್ಯಾರಿಸನ್ ತಂಡ 2014ರಲ್ಲಿ ರೆಡ್‌ಶಿಫ್ಟ್ 0.2ರ ಒಳಗಿನ 16 ಟೈಪ್ 2 ಗೆಲಾಕ್ಸಿಗಳನ್ನು ನೋಡಿದಾಗ, ಗಾಳಿಯ ಗೆರೆಯ ಅಗಲ ಸೆಕೆಂಡಿಗೆ ಸುಮಾರು 600ರಿಂದ 1500 ಕಿ.ಮೀ. ಬಂದಿತ್ತು, ಅದೂ 16ರಲ್ಲಿ 16ರಲ್ಲೂ. ನಿಮ್ಮ ಉತ್ತರ ಈ ವ್ಯಾಪ್ತಿಯ ಆಸುಪಾಸಿನಲ್ಲಿ ಬಂದರೆ ಸರಿದಾರಿಯಲ್ಲಿದ್ದೀರಿ. 5000 ಬಂದರೆ ಹಿನ್ನೆಲೆ ಕಳೆಯುವಲ್ಲಿ ಏನೋ ಎಡವಟ್ಟಾಗಿದೆ.

ದೋಷ ಎಷ್ಟು? ಫೈಲಿನಲ್ಲಿರುವ ದೋಷದ ಪ್ರಮಾಣದಷ್ಟೇ ಗದ್ದಲವನ್ನು (ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದ ಏರಿಳಿತ) ಡೇಟಾಗೆ ಬೆರೆಸಿ, ಮತ್ತೆ ಹೊಂದಿಸಿ. ಇದನ್ನೇ ನೂರಿನ್ನೂರು ಸಲ ಗಣಕದಿಂದ ಮಾಡಿಸಿ. ಉತ್ತರಗಳು ಎಷ್ಟು ಹರಡುತ್ತವೋ ಅದೇ ನಿಮ್ಮ ದೋಷ.

6. ಅದು ಗಾಳಿಯೇ ಹೌದಾ?

ಅಗಲವಾದ ಬುಡ ಸಿಕ್ಕಿದ ಖುಷಿಯಲ್ಲಿ ಇಲ್ಲಿ ಅವಸರ ಮಾಡಬೇಡಿ. ಗೆಲಾಕ್ಸಿ ಸುತ್ತುವುದರಿಂದಲೂ ಗೆರೆ ಅಗಲವಾಗುತ್ತದೆ, ಆದರೆ ಸಾಮಾನ್ಯ ಗೆಲಾಕ್ಸಿಯ ತಟ್ಟೆ ಸುತ್ತುವುದು ಸೆಕೆಂಡಿಗೆ 200-300 ಕಿ.ಮೀ. ವೇಗದಲ್ಲಿ. ಅದರಿಂದ 900 ಕಿ.ಮೀ. ಅಗಲ ಬರುವುದು ಕಷ್ಟ. ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದಾಗಲೂ ಅನಿಲ ಕಲಕಿಹೋಗುತ್ತದೆ, ಹಾಗಾಗಿ ಚಿತ್ರದಲ್ಲಿ ಬಾಲ, ಅಲೆ, ಜೋಡಿ ನಡುಭಾಗ ಇದೆಯಾ ಅಂತ ನೋಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಹೊಳೆಯುವ ಅನಿಲದ ಗೆರೆ ನೀಲಿಗೆ ಸರಿದಿದೆ ಅಂದರೆ ಅದು ನಮ್ಮ ಕಡೆಗೆ ಬರುತ್ತಿದೆ ಅಂತಷ್ಟೇ ಅರ್ಥ. ಅದು ಕಪ್ಪುಕುಳಿಯ ಮುಂದೆ ಇದ್ದರೆ ಹೊರಗೆ ಹೋಗುತ್ತಿದೆ. ಹಿಂದೆ ಇದ್ದರೆ? ಒಳಗೆ ಬೀಳುತ್ತಿರಬಹುದು! ಒಂದು ಹೊಳೆಯುವ ಗೆರೆ ಒಬ್ಬಂಟಿಯಾಗಿ ಇದನ್ನು ಬಗೆಹರಿಸಲಾರದು. ಬೆಳಕನ್ನು ಹೀರಿದ ಗೆರೆಗಳು ಮಾತ್ರ ಈ ಅನುಮಾನ ಬಿಡಿಸುತ್ತವೆ. ಹೀರಬೇಕಾದರೆ ಅನಿಲ ಬೆಳಕಿನ ಮೂಲದ ಮುಂದೆಯೇ ಇರಬೇಕು, ಮುಂದೆ ಇದ್ದು ನಮ್ಮ ಕಡೆ ಬರುತ್ತಿದೆ ಅಂದರೆ ಹೊರಗೆ ಹೋಗುತ್ತಿದೆ, ಬೇರೆ ದಾರಿಯೇ ಇಲ್ಲ. ಆಗಲೇ ಹೇಳಿದ ಸೋಡಿಯಂ ಜೋಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ನಕ್ಷತ್ರಗಳ ಸೊನ್ನೆಯಿಂದ ನೀಲಿಗೆ ಸರಿದಿದ್ದರೆ ಬರೆದಿಟ್ಟುಕೊಳ್ಳಿ.

ಗಾಳಿ ಹೌದು ಅಂತಾದ ಮೇಲೂ, ಅದನ್ನು ಎಬ್ಬಿಸಿದ್ದು ಕಪ್ಪುಕುಳಿಯೇ? ಎಂ82 ಗೆಲಾಕ್ಸಿಯಲ್ಲಿ ಭಾರೀ ಗಾಳಿ ಇದೆ, ಆದರೆ ಅದನ್ನು ಎಬ್ಬಿಸಿದ್ದು ಒಟ್ಟೊಟ್ಟಿಗೆ ಹುಟ್ಟಿ ಸಿಡಿದ ನಕ್ಷತ್ರಗಳು. ಅದಕ್ಕೆ 1981ರಲ್ಲಿ ಬಾಲ್ಡ್‌ವಿನ್, ಫಿಲಿಪ್ಸ್, ಟೆರ್ಲೆವಿಚ್ ಮೂವರು ಕೊಟ್ಟ ಗ್ರಾಫ್ ಇದೆ. ಆಮ್ಲಜನಕಕ್ಕೂ ಎಚ್-ಬೀಟಾಗೂ ಇರುವ ಅನುಪಾತ ಒಂದು ಅಕ್ಷ, ಸಾರಜನಕಕ್ಕೂ ಎಚ್-ಆಲ್ಫಾಗೂ (ಹೈಡ್ರೋಜನ್ನಿನದೇ ಮತ್ತೊಂದು ಗೆರೆ) ಇರುವುದು ಇನ್ನೊಂದು. ಕಪ್ಪುಕುಳಿಯ ತೀಕ್ಷ್ಣ ಬೆಳಕು ಬಿದ್ದ ಅನಿಲ ಮೇಲೆ ಬಲಕ್ಕೆ ಬೀಳುತ್ತದೆ. ಒಟ್ಟು ಗೆರೆಗೆ ಮಾತ್ರ ಮಾಡಿದರೆ ಸಾಲದು, ಅಗಲದ ಭಾಗಕ್ಕೆ ಬೇರೆಯಾಗಿ ಮಾಡಿ. ಆದರೂ ನೆನಪಿಡಿ, ಬೆಳಗಿದ್ದು ಯಾರು ಅಂತ ಈ ಗ್ರಾಫ್ ಹೇಳುತ್ತದೆ, ತಳ್ಳಿದ್ದು ಯಾರು ಅಂತಲ್ಲ. ಹ್ಯಾರಿಸನ್ ತಂಡವೂ ಆ 16 ಗೆಲಾಕ್ಸಿಗಳಲ್ಲಿ ನಕ್ಷತ್ರಗಳಿಗೂ ಕಪ್ಪುಕುಳಿಗೂ ಇಬ್ಬರಿಗೂ ತಳ್ಳುವಷ್ಟು ಶಕ್ತಿ ಇತ್ತು ಅಂತಲೇ ಬರೆದದ್ದು.

7. ಎಷ್ಟು ಅನಿಲ ಹೋಗುತ್ತಿದೆ? ಇಲ್ಲಿ ನಿಧಾನ

ಲೆಕ್ಕ ನೋಡಲು ಸರಳ. ಅಗಲದ ಭಾಗದ ಎಚ್-ಬೀಟಾ ಬೆಳಕಿನಿಂದ ಅನಿಲದ ತೂಕ ಸಿಗುತ್ತದೆ. ತೂಕವನ್ನು ವೇಗದಿಂದ ಗುಣಿಸಿ, ಗಾಳಿ ಚಾಚಿರುವ ದೂರದಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಅಂತ ಬರುತ್ತದೆ.

ಒಂದು ಉದಾಹರಣೆ, ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಆರಿಸಿಕೊಂಡವು. ಎಚ್-ಬೀಟಾ ಬೆಳಕಿನ ಶಕ್ತಿ ಸೆಕೆಂಡಿಗೆ 10⁴¹ ಅರ್ಗ್ (ಶಕ್ತಿಯ ಒಂದು ಸಣ್ಣ ಮಾನ) ಇರಲಿ. ಅನಿಲದ ಸಾಂದ್ರತೆ ಘನ ಸೆಂಟಿಮೀಟರಿಗೆ 100 ಎಲೆಕ್ಟ್ರಾನ್ ಇರಲಿ. ಆಗ ಹೈಡ್ರೋಜನ್ ಒಂದರ ತೂಕವೇ ಸುಮಾರು 70 ಲಕ್ಷ ಸೂರ್ಯರಷ್ಟು. ವೇಗ ಸೆಕೆಂಡಿಗೆ 600 ಕಿ.ಮೀ., ದೂರ 1 ಕಿಲೋಪಾರ್ಸೆಕ್, ಅಂದರೆ 3260 ಜ್ಯೋತಿರ್ವರ್ಷ ಇದ್ದರೆ, ಅಷ್ಟು ದೂರ ಸಾಗಲು ಗಾಳಿಗೆ 16 ಲಕ್ಷ ವರ್ಷ ಬೇಕು. ಭಾಗಿಸಿದರೆ ವರ್ಷಕ್ಕೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಸೂರ್ಯರಷ್ಟು ಅನಿಲ. ಅದರ ಚಲನಶಕ್ತಿ ಸುಮಾರು 13 ಕೋಟಿ ಸೂರ್ಯರು ಬೆಳಗುವ ಶಕ್ತಿಗೆ ಸಮ. ಕೇಳಿದರೆ ಮೈ ಜುಂ ಅನ್ನುತ್ತದೆ, ಅಲ್ವಾ?

ಈಗ ಸಾಂದ್ರತೆ 100ರ ಬದಲು 10,000 ಇಡಿ. ತೂಕ ನೂರು ಪಟ್ಟು ಇಳಿಯುತ್ತದೆ. ಅನಿಲ ದಟ್ಟವಾಗಿದ್ದಷ್ಟೂ ಅದೇ ಬೆಳಕು ಕೊಡಲು ಕಡಿಮೆ ಅನಿಲ ಸಾಕು. ವರ್ಷಕ್ಕೆ ನಾಲ್ಕು ಸೂರ್ಯರು ಇದ್ದದ್ದು 0.04ಕ್ಕೆ ಬಂತು. ಗೆಲಾಕ್ಸಿಯನ್ನು ಬರಿದು ಮಾಡುವ ಬಿರುಗಾಳಿ ಒಂದೇ ಸಾಲಿನಲ್ಲಿ ಮಂದಾನಿಲ ಆಗಿಹೋಯಿತು.

ಸಾಂದ್ರತೆ ತಿಳಿಯುವುದು ಹೇಗೆ? ಹಳೆಯ ದಾರಿ ಗಂಧಕದ ಜೋಡಿ ಗೆರೆ, ನಿರ್ವಾತದ ಲೆಕ್ಕದಲ್ಲಿ 6718.3 ಮತ್ತು 6732.7. ವಿರಳ ಅನಿಲದಲ್ಲಿ ಎರಡರ ಅನುಪಾತ 1.4ರ ಹತ್ತಿರ, ದಟ್ಟವಾದಂತೆ ಇಳಿಯುತ್ತಾ 0.45ರ ಹತ್ತಿರಕ್ಕೆ ಬರುತ್ತದೆ. ಮಾಡಲು ಸುಲಭ, ಎಲ್ಲರೂ ಇದನ್ನೇ ಮಾಡುತ್ತಿದ್ದರು. ಆದರೆ ನಾನು ಮೇಲೆ ಹೇಳಿದ ಡೇವಿಸ್ ತಂಡ ಮೂರು ಬೇರೆ ಬೇರೆ ದಾರಿಯಲ್ಲಿ ಅಳೆದಾಗ, ಗಂಧಕ ಕೊಟ್ಟ ಸಾಂದ್ರತೆ ಉಳಿದೆರಡಕ್ಕಿಂತ ತೀರಾ ಕಡಿಮೆ ಇತ್ತು. ಕಾರಣವೂ ಸಿಕ್ಕಿತು. ಕಪ್ಪುಕುಳಿ ಬೆಳಗಿದ ಅನಿಲದಲ್ಲಿ ಗಂಧಕದ ಬೆಳಕು ಬಹಳಷ್ಟು ಬರುವುದು ಅರೆಬರೆ ಅಯಾನು ಆದ, ಅಂದರೆ ಕೆಲವು ಪರಮಾಣುಗಳು ಮಾತ್ರ ಎಲೆಕ್ಟ್ರಾನ್ ಕಳೆದುಕೊಂಡ, ಆಳದ ಪದರದಿಂದ. ಅಲ್ಲಿ ಪರಮಾಣುಗಳು ತುಂಬಾ ಇರುತ್ತವೆ, ಬಿಡಿ ಎಲೆಕ್ಟ್ರಾನುಗಳು ಕಡಿಮೆ. ಎಲೆಕ್ಟ್ರಾನ್ ಎಣಿಸಿ ಅನಿಲವನ್ನು ಅಂದಾಜು ಮಾಡುವ ಲೆಕ್ಕವೇ ಅಲ್ಲಿ ಕೈಕೊಡುತ್ತದೆ. ಸರಿಯಾದ ಸಾಂದ್ರತೆ ಹಾಕಿದಾಗ ಆ 11 ಗೆಲಾಕ್ಸಿಗಳಲ್ಲಿ ಅಯಾನು ಅನಿಲದ ಗಾಳಿ ವರ್ಷಕ್ಕೆ 0.001ರಿಂದ 0.5 ಸೂರ್ಯರಷ್ಟು ಮಾತ್ರ ಅಂತ ಬಂತು.

ದೂರದ ವಿಷಯದಲ್ಲೂ ಎಚ್ಚರ. ಸ್ಲೋನ್‌ನಲ್ಲಿ ಬೆಳಕು ಹಿಡಿಯುವ ಹಳೆಯ ಫೈಬರ್ ಆಕಾಶದಲ್ಲಿ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಅಗಲವನ್ನು ನೋಡುತ್ತದೆ. ಟೀಕಪ್ ಇರುವ ದೂರದಲ್ಲಿ ಅದು ಸುಮಾರು 15,000 ಜ್ಯೋತಿರ್ವರ್ಷ. ಅಷ್ಟರೊಳಗೆ ಗಾಳಿ ಎಲ್ಲಿದೆ ಅಂತ ಒಂದು ರೋಹಿತ ಹೇಳುವುದಿಲ್ಲ. ಹಾಗಾಗಿ ನೀವು ಬರೆಯುವಾಗ ಒಂದು ಸಂಖ್ಯೆ ಬರೆಯಬೇಡಿ. ಸಾಂದ್ರತೆ 100, 1000, 10,000 ಮೂರಕ್ಕೂ ಉತ್ತರ ಬರೆದು, ದೂರ ಯಾವುದು ಹಿಡಿದಿರಿ ಅಂತಲೂ ಪಕ್ಕದಲ್ಲೇ ಬರೆಯಿರಿ.

8. ನಕ್ಷೆಗೆ ಹೋಗಿ

ಒಂದು ರೋಹಿತದಲ್ಲಿ ಪಳಗಿದ ಮೇಲೆ ಮುಂದಿನದು ಪ್ರತಿ ಬಿಂದುವಿಗೂ ಒಂದು ರೋಹಿತ ಇರುವ ಡೇಟಾ. ಸ್ಲೋನ್‌ನದೇ ಮಂಗಾ ಸಮೀಕ್ಷೆಯಲ್ಲಿ ಸುಮಾರು 10,000 ಹತ್ತಿರದ ಗೆಲಾಕ್ಸಿಗಳಿವೆ, ಮಾರ್ವಿನ್ ಅನ್ನುವ ಸಾಧನದಲ್ಲಿ ಬ್ರೌಸರಿನಲ್ಲೇ ವೇಗದ ನಕ್ಷೆ ತೆರೆಯಬಹುದು. ಚಿಲಿಯ ವಿಎಲ್‌ಟಿ ದೂರದರ್ಶಕದ ಮ್ಯೂಸ್ ಉಪಕರಣದ ಡೇಟಾ ಯುರೋಪಿನ ಇಎಸ್‌ಒ ಸಂಗ್ರಹದಲ್ಲಿದೆ, ಇನ್ನೂ ಚೊಕ್ಕ, ಆದರೆ ಫೈಲುಗಳು ದೊಡ್ಡವು. ನಕ್ಷೆಯಲ್ಲಿ ನಕ್ಷತ್ರಗಳು ಒಂದು ಕಡೆಗೆ ಸುತ್ತುತ್ತಿದ್ದು, ಅನಿಲ ಬೇರೆಯೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಟೀಕಪ್‌ನಲ್ಲಿ ನಡುವಿನಿಂದ ಒಂದು ಕಿಲೋಪಾರ್ಸೆಕ್ ಒಳಗೇ ಸೆಕೆಂಡಿಗೆ ಸುಮಾರು 740 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರುವ ಅನಿಲ, ಅದೇ ಜಾಗದಲ್ಲಿ ರೇಡಿಯೊ ಹೊಳಪು, ಎರಡೂ ಜೊತೆಯಾಗಿ ಸಿಕ್ಕಿದ್ದು ಇಂಥ ನಕ್ಷೆಗಳಿಂದಲೇ.

ಇಷ್ಟೆಲ್ಲ ಮಾಡಿದ ಮೇಲೂ ನೀವು ನೋಡಿದ್ದು ಹತ್ತು ಸಾವಿರ ಡಿಗ್ರಿ ಆಸುಪಾಸಿನ ಅಯಾನು ಅನಿಲವನ್ನು ಮಾತ್ರ. ತಣ್ಣನೆಯ ಅಣು ಅನಿಲ ರೇಡಿಯೊ ತರಂಗಗಳಲ್ಲಿ ಕಾಣುತ್ತದೆ. ಎಂ77ರಲ್ಲಿ ಆಲ್ಮಾ ದೂರದರ್ಶಕಗಳು 2014ರಲ್ಲಿ ಕಂಡ ಅಣು ಅನಿಲದ ಗಾಳಿ ವರ್ಷಕ್ಕೆ ಸುಮಾರು 60 ಸೂರ್ಯರಷ್ಟು. ಅಯಾನು ಅನಿಲದ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಅಸಲಿ ಭಾರ ಎಲ್ಲಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ತುದಿಯಲ್ಲಿ, ಕಪ್ಪುಕುಳಿಗೆ ತೀರಾ ಹತ್ತಿರ, ಎಕ್ಸ್-ಕಿರಣದಲ್ಲಿ ಮಾತ್ರ ಕಾಣುವ ಗಾಳಿ ಬೆಳಕಿನ ವೇಗದ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಮೀರಿ ಹೋಗುತ್ತದೆ. 2023ರಲ್ಲಿ ಹಾರಿದ ಜಪಾನಿನ ಎಕ್ಸ್‌ರಿಸಂ ಉಪಗ್ರಹ ಪಿಡಿಎಸ್ 456 ಅನ್ನುವ ಕ್ವೇಸಾರ್‌ನಲ್ಲಿ (ಅತಿ ಪ್ರಖರವಾಗಿ ಹೊಳೆಯುವ ಗೆಲಾಕ್ಸಿ ನಡುಭಾಗ) ಈ ಗಾಳಿ ಒಂದೇ ಸಮನಾಗಿ ಬೀಸದೆ ಐದು ಬೇರೆ ಬೇರೆ ವೇಗದ ಗುಂಪುಗಳಾಗಿ ಹೊರಬರುವುದನ್ನು ತೋರಿಸಿತು.

ನಮ್ಮ ಕಡೆಯ ಸಾಧನಗಳನ್ನೂ ಮರೆಯಬೇಡಿ. 2015ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಒಂದೇ ಗೆಲಾಕ್ಸಿಯನ್ನು ಒಂದೇ ಹೊತ್ತಿಗೆ ನೇರಳಾತೀತ, ಎಕ್ಸ್-ಕಿರಣ ಎರಡರಲ್ಲೂ ನೋಡಬಲ್ಲದು. ಅದರ ನೇರಳಾತೀತ ದೂರದರ್ಶಕ ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಡೇಟಾ ಕೂಡಿಡುವುದು ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ. ಕಾಯ್ದಿಟ್ಟ ಅವಧಿ ಮುಗಿದ ಡೇಟಾವನ್ನು ನೋಂದಾಯಿಸಿಕೊಂಡು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಎಂಎಸ್‌ಸಿ ಮಾಡುತ್ತಿರುವವರು ಈ ಅಳತೆಯನ್ನು ಪ್ರಾಜೆಕ್ಟ್ ಮಾಡಿಕೊಂಡರೆ ಮಾರ್ಗದರ್ಶಕರ ಜೊತೆ ಅಲ್ಲಿ ಸಮಯ ಕೇಳುವ ದಾರಿಯೂ ಇದೆ.

9. ಕೊನೆಯದಾಗಿ, ಗಾಳಿಯೇ ಇಲ್ಲದ ಗೆಲಾಕ್ಸಿ ಅಳೆಯಿರಿ

ಟೀಕಪ್ ಮುಗಿದ ಮೇಲೆ, ಅದೇ ಸ್ಲೋನ್‌ನಿಂದ ಹೆಚ್ಚು ಕಡಿಮೆ ಅದೇ ರೆಡ್‌ಶಿಫ್ಟಿನ, ಅಷ್ಟೇ ದೊಡ್ಡದಾದ, ಆದರೆ ಕಪ್ಪುಕುಳಿ ಸುಮ್ಮನಿರುವ ಐದಾರು ಗೆಲಾಕ್ಸಿಗಳನ್ನು ಇಳಿಸಿಕೊಂಡು ಒಂದು ಅಕ್ಷರವನ್ನೂ ಬದಲಿಸದೆ ಅದೇ ಕೋಡ್ ಓಡಿಸಿ. ಅವುಗಳಲ್ಲಿ ಆಮ್ಲಜನಕದ ಗೆರೆ ಕುಳ್ಳಗಿರುತ್ತದೆ, ಗದ್ದಲ ಜಾಸ್ತಿ, ಹಾಗಾಗಿ ಎಚ್-ಆಲ್ಫಾ ಜೊತೆಗೂ ಹೋಲಿಸಿ ನೋಡಿ. ಅಲ್ಲೂ ನಿಮ್ಮ ಕೋಡ್ 900 ಕಿ.ಮೀ. ಅಗಲದ ಭಾಗ ಹುಡುಕಿಕೊಟ್ಟರೆ ಅದು ಗದ್ದಲಕ್ಕೆ ಗಾಸಿಯನ್ ಹೊಂದಿಸುತ್ತಿದೆ ಅಂತ ಅರ್ಥ. 4ನೇ ಹಂತದ ಸೊನ್ನೆ, 5ನೇ ಹಂತದ ಹಿನ್ನೆಲೆ, ಈ ಎರಡನ್ನು ಮತ್ತೆ ಪರೀಕ್ಷಿಸಿ. ಅಗಲದ ಭಾಗ ಸಿಗದೆ ಹೋದರೆ, ಅಥವಾ ಸಣ್ಣದೊಂದು ರೆಕ್ಕೆ ಮಾತ್ರ ಸಿಕ್ಕರೆ, ಟೀಕಪ್‌ನ ಸಂಖ್ಯೆಯ ಪಕ್ಕದಲ್ಲೇ ಆ ಐದಾರು ಸಂಖ್ಯೆಗಳನ್ನೂ ಬರೆದು ಕೋಷ್ಟಕ ಮಾಡಿ, ಯಾರಿಗಾದರೂ ತೋರಿಸುವಾಗ ಇಡೀ ಕೋಷ್ಟಕವನ್ನೇ ತೋರಿಸಿ.